ಟೈಲ್ಸ್ ನೆಲವೂ ಎರೆಯ ಮಣ್ಣೂ

ಮನೆಯ ನೆಲವನ್ನು ಚೊಕ್ಕಟವಾಗಿಡುವ ವಿದ್ಯೆ ನಮ್ಮ ನಾಡಿಗೆ ಹೊಸದಲ್ಲ. ಧಾರವಾಡ ಜಿಲ್ಲೆಯ ನವಲಗುಂದ, ಅಣ್ಣಿಗೇರಿ, ಕುಂದಗೋಳಗಳ ಎರೆಯ ಸೀಮೆಯಲ್ಲಿ ಮಣ್ಣಿನ ಮಾಳಿಗೆಯ ಮನೆಗಳೇ ಹೆಚ್ಚಾಗಿದ್ದ ಕಾಲದಲ್ಲಿ ನೆಲಕ್ಕೆ ಸಗಣಿಯ ಸಾರಣೆ ತಪ್ಪದೆ ನಡೆಯುತ್ತಿತ್ತು. ಮಲೆನಾಡಿನ ಸೆರಗಿನಲ್ಲಿರುವ ಕಲಘಟಗಿಯ ಹಂಚಿನ ಮನೆಗಳಲ್ಲಿಯೂ ಇದೇ ಪದ್ಧತಿ. ಮುಂದೆ ಅನುಕೂಲವುಳ್ಳವರ ಪಡಸಾಲೆಗೆ ಕಲಬುರಗಿ ಸೀಮೆಯ ಶಹಾಬಾದದಿಂದ ಫರಸಿಕಲ್ಲು ಬಂತು. ಅದರ ಮೇಲೆ ಹಾಸುವುದಕ್ಕೆ ನವಲಗುಂದದ ಜಮಖಾನ ಇದ್ದೇ ಇತ್ತು. ಇತ್ತೀಚಿನ ದಶಕಗಳಲ್ಲಿ ಈ ಸ್ಥಾನವನ್ನೆಲ್ಲ ಸಿರಾಮಿಕ್ ಟೈಲುಗಳು ಆಕ್ರಮಿಸುತ್ತ ಬಂದಿವೆ. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆಯನ್ನು ತೆರೆದ ಮೇಲೆ, ಯಂತ್ರದಲ್ಲಿ ಒತ್ತಿ ಸುಟ್ಟ ಜೇಡಿಯು ನಮ್ಮ ಜನರ ತಲೆಯ ಮೇಲೆ ನೆರಳಾಗಿ ಬಂತು. ಇಂದು ಅದೇ ಜೇಡಿಯು ಇನ್ನೂ ಸಂಸ್ಕಾರಗೊಂಡು, ಗುಜರಾತದ ಮೋರ್ಬಿಯಂತಹ ಊರುಗಳಿಂದ ಹೊರಟು, ನಮ್ಮ ಕಾಲ ಕೆಳಗೆ ಬಂದು ನಿಂತಿದೆ.

ನೆಲವೇನೋ ಬದಲಾಯಿತು, ಅದನ್ನು ಶುಚಿಗೊಳಿಸುವ ಬಗೆಗೆ ನಮ್ಮಲ್ಲಿರುವ ಕಲ್ಪನೆ ಅಷ್ಟಾಗಿ ಬದಲಾಗಲಿಲ್ಲ. ಮಣ್ಣಿನ ನೆಲ ಶುದ್ಧವಾಗುತ್ತಿದ್ದುದು ಅದರ ಮೇಲೆ ಒಂದು ಹೊಸ ಪದರವನ್ನು ಕೂಡಿಸುವುದರಿಂದ. ಹಳೆಯ ಧೂಳು, ಬಿರುಕು, ಕಲೆಗಳೆಲ್ಲ ಹೊಸ ಸಾರಣೆಯ ಅಡಿಯಲ್ಲಿ ಅಡಗಿಹೋಗುತ್ತಿದ್ದವು. ಟೈಲ್ಸ್ ನೆಲದ ರೀತಿ ಇದಕ್ಕೆ ತೀರ ವಿರುದ್ಧ. ಅದು ಶುದ್ಧವಾಗುವುದು ಮೇಲಿರುವ ಪದರವನ್ನು ಕಳೆಯುವುದರಿಂದ ಮಾತ್ರ. ಅದರ ಮೇಲೆ ಏನು ಉಳಿಯಿತೋ ಅದೆಲ್ಲವೂ ಕೊಳೆಯೇ. ತೊಳೆಯುವುದಕ್ಕೆಂದು ನಾವೇ ಹಾಕಿದ ಸಾಬೂನು, ಫಿನೈಲು, ನೀರಿನಲ್ಲಿದ್ದ ಉಪ್ಪು ಸಹ ಅಲ್ಲಿ ಒಣಗಿ ನಿಂತರೆ ಕೊಳೆಯ ಲೆಕ್ಕಕ್ಕೇ ಸೇರುತ್ತವೆ. ಸಾರಣೆಯ ನೆಲಕ್ಕೆ ಲೇಪವೇ ಶುದ್ಧಿ. ಟೈಲ್ಸ್ ನೆಲಕ್ಕೆ ನಿರ್ಲೇಪವೇ ಶುದ್ಧಿ. ಈ ತತ್ತ್ವವನ್ನು ಮರೆತು, ನೆಲ ಮಂಕಾದಷ್ಟೂ ಹೆಚ್ಚು ಹೆಚ್ಚು ತೀಕ್ಷ್ಣವಾದ ದ್ರವ್ಯಗಳನ್ನು ಸುರಿಯುತ್ತ ಹೋದರೆ ನೆಲ ಕೆಡುವುದಷ್ಟೇ ಅಲ್ಲ, ಕೆಲವೊಮ್ಮೆ ತೊಳೆಯುವವರ ಪ್ರಾಣಕ್ಕೇ ಸಂಚಕಾರ ಬರುತ್ತದೆ. ಅದು ಹೇಗೆಂಬುದನ್ನು ಒಂದೊಂದಾಗಿ ವಿಚಾರಿಸೋಣ.

ಟೈಲಿನ ಬಲ, ಸಂದಿನ ದೌರ್ಬಲ್ಯ

ಜೇಡಿಮಣ್ಣು, ಫೆಲ್ಡ್‌ಸ್ಪಾರ್ ಎಂಬ ಶಿಲಾಖನಿಜ, ಬೆಣಚುಕಲ್ಲಿನ ಪುಡಿ ಇವೇ ಟೈಲಿನ ಮೂಲದ್ರವ್ಯಗಳು. ಇವನ್ನು ನುಣ್ಣಗೆ ಅರೆದು, ಬಲವಾಗಿ ಒತ್ತಿ, ಸುಮಾರು 1,100ರಿಂದ 1,200 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಸುಡುತ್ತಾರೆ. ಆ ಕಾವಿನಲ್ಲಿ ಫೆಲ್ಡ್‌ಸ್ಪಾರ್ ಕರಗಿ ಗಾಜಿನಂತಾಗಿ, ಉಳಿದ ಕಣಗಳ ನಡುವಣ ರಂಧ್ರಗಳನ್ನು ತುಂಬುತ್ತದೆ. ಎಷ್ಟು ರಂಧ್ರಗಳು ಮುಚ್ಚಿಹೋದವು ಎಂಬುದರ ಮೇಲೆ ಟೈಲಿನ ಜಾತಿ ನಿರ್ಣಯವಾಗುತ್ತದೆ. ವಿಟ್ರಿಫೈಡ್ ಎಂದು ಮಾರುವ ಟೈಲು ತನ್ನ ತೂಕದ ನೂರರಲ್ಲಿ ಅರ್ಧ ಪಾಲಿಗಿಂತ ಹೆಚ್ಚು ನೀರನ್ನು ಹೀರಕೂಡದು. ಗೋಡೆಗೆ ಹಚ್ಚುವ ಸಾಧಾರಣ ಟೈಲು ನೂರಕ್ಕೆ ಹತ್ತಕ್ಕಿಂತಲೂ ಹೆಚ್ಚು ಹೀರಬಲ್ಲದು. ಅಂದರೆ 10 ಕಿಲೋಗ್ರಾಂ ತೂಕದ ಟೈಲುಗಳನ್ನು ತೆಗೆದುಕೊಂಡರೆ ಮೊದಲನೆಯ ಜಾತಿ 50 ಗ್ರಾಂ ನೀರನ್ನು ಮೀರುವುದಿಲ್ಲ. ಎರಡನೆಯದು ಒಂದು ಲೀಟರಿಗಿಂತ ಹೆಚ್ಚು ನೀರನ್ನು ಒಡಲಲ್ಲಿಟ್ಟುಕೊಳ್ಳುತ್ತದೆ. ಗೋಡೆಯ ಟೈಲನ್ನು ಅಗ್ಗವೆಂದು ನೆಲಕ್ಕೆ ಹಾಸಿದರೆ ಬಹುಕಾಲ ಬಾಳದಿರುವ ಕಾರಣಗಳಲ್ಲಿ ಇದೂ ಒಂದು.

ಅನೇಕ ಟೈಲುಗಳ ಮೈಮೇಲೆ ಗಾಜಿನ ತೆಳುವಾದ ಮೆರುಗು ಇರುತ್ತದೆ. ಈ ಮೆರುಗು ಸಾಮಾನ್ಯವಾದ ಆಮ್ಲಗಳಿಗೆ ಸುಲಭವಾಗಿ ಮಣಿಯುವುದಿಲ್ಲ. ಗಾಜನ್ನೇ ತಿನ್ನುವ ಹೈಡ್ರೊಫ್ಲೂರಿಕ್ ಆಮ್ಲ ಮಾತ್ರ ಇದಕ್ಕೆ ಶತ್ರು. ಆದರೆ ಉಜ್ಜುವಿಕೆಗೆ ಇದು ಮಣಿಯುತ್ತದೆ. ಫ್ರೀಡ್ರಿಶ್ ಮೋಸ್ 1812ರಲ್ಲಿ ರೂಪಿಸಿದ ಕಾಠಿಣ್ಯದ ಕ್ರಮದಲ್ಲಿ ವಜ್ರಕ್ಕೆ 10, ಬೆಣಚುಕಲ್ಲಿಗೆ 7. ಮೆರುಗಿನ ಕಾಠಿಣ್ಯ ಸಾಮಾನ್ಯವಾಗಿ ಇದಕ್ಕಿಂತ ಕಡಿಮೆ. ಮರಳಿನ ಕಣ ಬೆಣಚುಕಲ್ಲಿನದೇ ಆದುದರಿಂದ, ಕಾಲಿಗೆ ಅಂಟಿ ಬಂದ ಮರಳನ್ನು ನೆಲದ ಮೇಲೆ ತಿಕ್ಕಿದಾಗಲೆಲ್ಲ ಮೆರುಗಿನ ಮೇಲೆ ಕಣ್ಣಿಗೆ ಕಾಣದ ಗೀರುಗಳು ಬೀಳುತ್ತವೆ. ಆ ಗೀರುಗಳಲ್ಲಿ ಕೊಳೆ ಮನೆಮಾಡುತ್ತದೆ. ನೆಲ ಹಳೆಯದಾಯಿತೆಂದು ನಾವು ಹೇಳುವುದು ಬಹುಮಟ್ಟಿಗೆ ಈ ಗೀರುಗಳ ಮಂಕನ್ನೇ.

ಇಷ್ಟಾದರೂ ಟೈಲ್ಸ್ ನೆಲದ ನಿಜವಾದ ದುರ್ಬಲ ಸ್ಥಾನ ಟೈಲಲ್ಲ. ಎರಡು ಟೈಲುಗಳ ನಡುವಣ ಸಂದು. ಆ ಸಂದಿನಲ್ಲಿ ತುಂಬಿರುವುದು ಸಾಮಾನ್ಯವಾಗಿ ಸಿಮೆಂಟು. ಇಂಗ್ಲೆಂಡಿನ ಜೋಸೆಫ್ ಆಸ್ಪ್‌ಡಿನ್ 1824ರಲ್ಲಿ ಪೋರ್ಟ್‌ಲೆಂಡ್ ಸಿಮೆಂಟಿಗೆ ಹಕ್ಕುಪತ್ರ ಪಡೆದಾಗಿನಿಂದ ಇಂದಿನವರೆಗೂ ಅದರ ಜೀವಾಳ ಸುಣ್ಣವೇ. ಗಟ್ಟಿಯಾದ ಸಿಮೆಂಟಿನಲ್ಲಿ ಸುಣ್ಣದ ಅಂಶ ಉಳಿದಿರುತ್ತದೆ, ಸೂಕ್ಷ್ಮ ರಂಧ್ರಗಳೂ ಇರುತ್ತವೆ. ರಂಧ್ರಗಳಿರುವುದರಿಂದ ಎಣ್ಣೆ, ಕೆಸರು, ನೀರುಗಳನ್ನು ಅದು ಹೀರುತ್ತದೆ; ಸುಣ್ಣವಿರುವುದರಿಂದ ಆಮ್ಲ ತಾಗಿದೊಡನೆ ಕರಗುತ್ತದೆ. ಟೈಲಿಗೆ ಸಹಿಸಲಾಗುವುದೆಲ್ಲ ಸಂದಿಗೆ ಸಹಿಸಲಾಗದು ಎಂಬ ಮಾತನ್ನು ನೆನಪಿನಲ್ಲಿಡತಕ್ಕದ್ದು.

ಎರೆಯ ಮಣ್ಣಿನ ಸ್ವಭಾವ

ನವಲಗುಂದದ ಹೊಲದಿಂದ ಮಳೆಯಲ್ಲಿ ನಡೆದು ಬಂದವನ ಕಾಲನ್ನು ನೋಡಿರಿ. ಒಂದೊಂದು ಹೆಜ್ಜೆಗೂ ಮಣ್ಣು ಮೆತ್ತಿಕೊಂಡು ಚಪ್ಪಲಿಯ ಭಾರ ಹೆಚ್ಚುತ್ತಲೇ ಹೋಗುತ್ತದೆ. ಬೇಸಿಗೆಯಲ್ಲಿ ಇದೇ ಭೂಮಿ ಬಿರಿದು, ಕೈ ತೂರುವಷ್ಟು ಅಗಲವಾದ ಬಿರುಕುಗಳನ್ನು ತೋರುತ್ತದೆ. ಈ ಎರಡು ಗುಣಗಳಿಗೂ ಕಾರಣ ಒಂದೇ. ಎರೆಮಣ್ಣಿನಲ್ಲಿ ಮಾಂಟ್‌ಮೊರಿಲೊನೈಟ್ ಜಾತಿಯ ಜೇಡಿಯ ಅಂಶ ಹೆಚ್ಚು. ಫ್ರಾನ್ಸಿನ ಮಾಂಟ್‌ಮೊರಿಲಾನ್ ಎಂಬ ಊರಿನಿಂದ ಈ ಹೆಸರು ಬಂದಿದೆ. ಇದರ ಕಣಗಳು ಒಂದರ ಮೇಲೊಂದು ಜೋಡಿಸಿದ ಹಾಳೆಗಳ ಕಟ್ಟಿನಂತೆ. ನೀರು ಸೋಕಿದೊಡನೆ ಹಾಳೆಗಳ ನಡುವೆ ನುಗ್ಗಿ ಅವುಗಳನ್ನು ದೂರ ಸರಿಸುತ್ತದೆ, ಮಣ್ಣು ಉಬ್ಬುತ್ತದೆ. ಒಣಗಿದಾಗ ಹಾಳೆಗಳು ಮತ್ತೆ ಹತ್ತಿರವಾಗಿ ಮಣ್ಣು ಕುಗ್ಗುತ್ತದೆ. ಜೇಡಿಯ ಕಣದ ಅಳತೆ ಒಂದು ಮಿಲಿಮೀಟರಿನ ಐದುನೂರರಲ್ಲಿ ಒಂದು ಪಾಲಿಗಿಂತಲೂ ಕಡಿಮೆ.

ಇಂತಹ ಮಣ್ಣು ಬಿದ್ದ ನೆಲವನ್ನು ಮೊದಲು ಒದ್ದೆ ಬಟ್ಟೆಯಿಂದ ಒರೆಸಿದರೆ ಆಗುವುದೇನು? ಮಣ್ಣು ಹೋಗುವುದಿಲ್ಲ, ನೀರಿನೊಡನೆ ಕಲಸಿ ತೆಳುವಾದ ಬಣ್ಣವಾಗಿ ನೆಲದ ತುಂಬ ಹರಡುತ್ತದೆ, ಸಂದುಗಳ ರಂಧ್ರಗಳಲ್ಲಿ ಇಳಿದು ಕೂರುತ್ತದೆ. ಅರಿಯದೆಯೇ ನಾವು ಟೈಲಿನ ಮೇಲೆ ಹಳೆಯ ಸಾರಣೆಯನ್ನೇ ಮಾಡಿದಂತಾಗುತ್ತದೆ! ಆದುದರಿಂದ ಎರೆಮಣ್ಣಿನ ವಿಷಯದಲ್ಲಿ ಮೊದಲನೆಯ ನಿಯಮ: ಒಣಗಿಸಿ ತೆಗೆಯಬೇಕು, ಅನಂತರ ಒದ್ದೆ ಮಾಡಬೇಕು. ಕೆಸರು ಬಿದ್ದಲ್ಲಿ ಮರದ ಚೂಪಿಲ್ಲದ ಪಟ್ಟಿಯಿಂದ ಮೇಲುಮೇಲಕ್ಕೆ ಎತ್ತಿ, ಉಳಿದುದನ್ನು ಒಣಗಲು ಬಿಟ್ಟು, ಮೆತ್ತನೆಯ ಕಸಬರಿಗೆಯಿಂದ ಗುಡಿಸಿದ ಮೇಲೆಯೇ ನೀರಿನ ಕೆಲಸ.

ಎರಡನೆಯ ನಿಯಮವು ಬಕೀಟಿಗೆ ಸಂಬಂಧಿಸಿದ್ದು. ಒಂದು ಗಾಜಿನ ಲೋಟದಲ್ಲಿ ಚಿಟಿಕೆ ಎರೆಮಣ್ಣನ್ನು ನೀರಿನೊಡನೆ ಕದಡಿ ಇಟ್ಟು ನೋಡಿರಿ. ಮರಳು ಕ್ಷಣಮಾತ್ರದಲ್ಲಿ ತಳ ಸೇರುತ್ತದೆ. ನೀರು ಮಾತ್ರ ಗಂಟೆಗಟ್ಟಲೆ ಕದಡಿದಂತೆಯೇ ಇರುತ್ತದೆ. ದ್ರವದಲ್ಲಿ ಕಣಗಳು ಇಳಿಯುವ ವೇಗಕ್ಕೆ ಜಾರ್ಜ್ ಸ್ಟೋಕ್ಸ್ 1851ರಲ್ಲಿ ಕೊಟ್ಟ ಸೂತ್ರದಂತೆ, ಜೇಡಿಯ ಕಣವೊಂದು 10 ಸೆಂಟಿಮೀಟರು ಇಳಿಯುವುದಕ್ಕೆ ಸುಮಾರು 8 ಗಂಟೆಗಳು ಬೇಕು. ಒರೆಸುವ ಬಟ್ಟೆಯನ್ನು ಒಂದೇ ಬಕೀಟಿನಲ್ಲಿ ಮತ್ತೆ ಮತ್ತೆ ಅದ್ದಿ ಹಿಂಡಿದರೆ, ಹಿಂದಿನ ಕೋಣೆಯ ಮಣ್ಣನ್ನೇ ಮುಂದಿನ ಕೋಣೆಗೆ ಹಚ್ಚಿದಂತೆ. ಒಂದು ಬಕೀಟಿನಲ್ಲಿ ಬಟ್ಟೆಯನ್ನು ಜಾಲಿಸಿ ಹಿಂಡಬೇಕು, ಇನ್ನೊಂದರ ತಿಳಿನೀರಿನಲ್ಲಿ ಅದ್ದಿ ಒರೆಸಬೇಕು. ಜಾಲಿಸುವ ನೀರು ಕಪ್ಪಾದೊಡನೆ ಚೆಲ್ಲಿ ಬೇರೆ ತುಂಬಬೇಕು.

ಕಲಘಟಗಿಯ ಕಡೆ ಮಸಾರಿ ಭೂಮಿಯುಳ್ಳ ಊರುಗಳಲ್ಲಿ ಸಮಸ್ಯೆಯ ರೂಪ ಸ್ವಲ್ಪ ಬೇರೆ. ಕೆಂಪು ಮಣ್ಣಿಗೆ ಬಣ್ಣ ಬಂದಿರುವುದು ಕಬ್ಬಿಣದ ಆಕ್ಸೈಡಿನಿಂದ. ಅದರ ಕಲೆ ಸಂದಿನಲ್ಲಿ ಕುಳಿತರೆ ಬ್ಲೀಚಿಂಗ್ ಪೌಡರಿನಿಂದ ಹೋಗುವುದಿಲ್ಲ. ಏಕೆಂದರೆ ಬ್ಲೀಚಿಂಗ್ ಪೌಡರು ಕೆಲಸ ಮಾಡುವುದು ಉತ್ಕರ್ಷಣದಿಂದ. ಕಬ್ಬಿಣದ ಆಕ್ಸೈಡಾದರೋ ಮೊದಲೇ ಪೂರ್ತಿಯಾಗಿ ಉತ್ಕರ್ಷಣ ಹೊಂದಿದ ವಸ್ತು. ಇಲ್ಲಿ ಮರಳಿನ ಗೀರೂ ಹೆಚ್ಚು. ಬಾಗಿಲ ಹೊರಗೊಂದು, ಒಳಗೊಂದು ಗೋಣಿತಟ್ಟು ಹಾಸಿದರೆ ಅದೇ ಇಲ್ಲಿ ಎಲ್ಲಕ್ಕಿಂತ ಅಗ್ಗವಾದ, ಎಲ್ಲಕ್ಕಿಂತ ಉತ್ತಮವಾದ ಉಪಾಯ.

ಸವಳು ನೀರಿನ ಬಿಳುಪು

ಎಷ್ಟು ಒರೆಸಿದರೂ ನೆಲದ ಮೇಲೆ ಒಂದು ಬಿಳಿಯ ಮಸುಕು ನಿಲ್ಲುತ್ತದೆಂದು ಎರೆಸೀಮೆಯ ಮನೆಗಳಲ್ಲಿ ಕೇಳಿಬರುವುದುಂಟು. ಈ ಮಸುಕು ನೀರಿನಿಂದ ಬಂದದ್ದು. ಎರೆಮಣ್ಣಿನ ಪದರಗಳಲ್ಲಿ ಸುಣ್ಣದ ಹರಳುಗಳು ಹೇರಳ. ಮಳೆ ಕಡಿಮೆಯಾಗಿ ಬಿಸಿಲು ಹೆಚ್ಚಾದುದರಿಂದ ಮಣ್ಣಿನ ಲವಣಗಳು ಕೊಚ್ಚಿಹೋಗದೆ ಅಲ್ಲಿಯೇ ಉಳಿಯುತ್ತವೆ. ಬಾವಿ, ಕೊಳವೆಬಾವಿಗಳ ನೀರು ಸವಳಾಗುತ್ತದೆ. ಈ ಸೀಮೆಯ ಅನೇಕ ಹಳ್ಳಿಗಳು ಕುಡಿಯುವ ನೀರಿಗಾಗಿ ಕೆರೆಯನ್ನು ನೆಚ್ಚಿಕೊಂಡು ಬಂದದ್ದು ಈ ಕಾರಣದಿಂದಲೇ.

ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಕರಗಿರುವ ನೀರಿಗೆ ಗಡಸು ನೀರೆಂದು ಹೆಸರು. ಭಾರತೀಯ ಮಾನಕದಂತೆ ಕುಡಿಯುವ ನೀರಿನ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಇದ್ದರೆ ಲೇಸು. ಬೇರೆ ನೀರಿಲ್ಲದಲ್ಲಿ 600ರವರೆಗೆ ಸಹಿಸಬಹುದು. ಈ 600ರ ಲೆಕ್ಕವನ್ನೇ ಹಿಡಿಯೋಣ. ದಿನವೂ ಒರೆಸಿದ ಮೇಲೆ ಒಂದು ಲೀಟರು ನೀರು ನೆಲದ ಮೇಲೆಯೇ ಆರಿತೆಂದು ಇಟ್ಟುಕೊಳ್ಳಿರಿ. ನೀರು ಆವಿಯಾಗುತ್ತದೆ; ಲವಣ ಹಾರಿಹೋಗುವುದಿಲ್ಲ. ದಿನಕ್ಕೆ ಅರ್ಧ ಗ್ರಾಮಿಗಿಂತ ತುಸು ಹೆಚ್ಚು. ವರ್ಷಕ್ಕೆ 219 ಗ್ರಾಂ, ಎಂದರೆ ಕಾಲು ಕಿಲೋಗ್ರಾಮಿಗೆ ಸಮೀಪ! ನೆಲವನ್ನು ನಿಷ್ಠೆಯಿಂದ ದಿನವೂ ಒರೆಸಿದವರೇ ಅದಕ್ಕೆ ಸುಣ್ಣ ಬಳಿದವರೂ ಆಗುತ್ತಾರೆ.

ಗಡಸು ನೀರಿಗೆ ಸಾಬೂನನ್ನು ಸೇರಿಸಿದರೆ ತೊಂದರೆ ಇಮ್ಮಡಿ. ಸಾಬೂನು ಕ್ಯಾಲ್ಸಿಯಂನೊಡನೆ ಕೂಡಿ, ನೀರಿನಲ್ಲಿ ಕರಗದ ಜಿಡ್ಡಾದ ಗಸಿಯಾಗುತ್ತದೆ. ಬಚ್ಚಲಿನ ನೆಲ ಜಾರುವುದಕ್ಕೆ, ಒಣಗಿದ ಮೇಲೆ ಬೂದುಬಣ್ಣಕ್ಕೆ ತಿರುಗುವುದಕ್ಕೆ ಈ ಗಸಿಯೇ ಕಾರಣ. ನುಣುಪಾದ ಮೆರುಗಿನ ಮೇಲೆ ನೀರಿನ ತೆಳುಪದರ ನಿಂತರೆ ಅಂಗಾಲಿಗೂ ನೆಲಕ್ಕೂ ನಡುವಣ ಘರ್ಷಣೆ ಕುಗ್ಗುತ್ತದೆ. ಗಸಿಯೂ ಸೇರಿದರೆ ಕೇಳಬೇಕಾದುದೇ ಇಲ್ಲ. ವಯಸ್ಸಾದವರು ಜಾರಿಬಿದ್ದು ತೊಡೆಯ ಮೂಳೆಯ ಕೊರಳು ಮುರಿದರೆ ಹಾಸಿಗೆ ಹಿಡಿಯುವ ಭಯವುಂಟು. ಆದುದರಿಂದ ಬಚ್ಚಲಿಗೆ ಒರಟು ಮೈಯ ಟೈಲನ್ನೇ ಆರಿಸಬೇಕು, ತೊಳೆದ ನೆಲವನ್ನು ಒಣಗಿಸಿಯೇ ಬಿಡಬೇಕು. ನೆಲದ ಶುದ್ಧಿಯು ಅಂದದ ಮಾತು ಮಾತ್ರವಲ್ಲ.

ಪರಿಹಾರ ಸುಲಭವಾಗಿದೆ. ಸಾಬೂನಿಗೆ ಬದಲಾಗಿ ಗಡಸು ನೀರಿನಲ್ಲಿ ಗಸಿಗಟ್ಟದ ಕೃತಕ ಮಾರ್ಜಕವನ್ನು ಅತ್ಯಲ್ಪವಾಗಿ ಬಳಸಬೇಕು. ಬಕೀಟಿಗೆ ಒಂದು ಚಿಕ್ಕ ಚಮಚೆ ಸಾಕು. ಕಡೆಯ ಸಲದ ಒರೆಸುವಿಕೆಗೆ ಕೆರೆಯ ತಿಳಿನೀರೋ, ಮಾಳಿಗೆಯಿಂದ ಹಿಡಿದಿಟ್ಟ ಮಳೆಯ ನೀರೋ ಇದ್ದರೆ ಅತ್ಯುತ್ತಮ. ಮಳೆಯ ನೀರಿನಷ್ಟು ಮೆದುವಾದ ನೀರು ಬೇರೊಂದಿಲ್ಲ. ಅದಿಲ್ಲವಾದರೆ ಸವಳು ನೀರಿನಿಂದಲೇ ಒರೆಸಿ, ನೀರು ತಾನಾಗಿ ಆರುವ ಮೊದಲೇ ಒಣಬಟ್ಟೆಯಿಂದ ಹೀರಿ ತೆಗೆಯಬೇಕು. ಲವಣ ನೀರಿನೊಡನೆ ಬಟ್ಟೆಗೆ ಹೋಗುತ್ತದೆ, ನೆಲದಲ್ಲಿ ನಿಲ್ಲುವುದಿಲ್ಲ. ಹಳೆಯ ಹತ್ತಿಯ ಧೋತರದ ತುಂಡು ಇದಕ್ಕೆ ಬಹಳ ಚೆನ್ನ.

ಅಡಿಗೆಮನೆಯ ಕಲೆಗಳು

ಕುಂದಗೋಳದ ಹೊಲಗಳಲ್ಲಿ ಬ್ಯಾಡಗಿ ಮೆಣಸಿನಕಾಯಿ ಬೆಳೆಯುತ್ತದೆ. ಈ ಸೀಮೆಯ ಅಡಿಗೆಗೆ ಕುಸುಬಿ ಎಣ್ಣೆ ಬಹುಕಾಲದಿಂದ ಬಂದದ್ದು. ಅಡಿಗೆಮನೆಯ ನೆಲದ ಕಲೆಗಳೂ ಇವುಗಳಿಂದಲೇ. ಕುಸುಬಿ ಎಣ್ಣೆಯಲ್ಲಿ ಲಿನೋಲಿಕ್ ಆಮ್ಲದ ಅಂಶ ಹೆಚ್ಚಾಗಿದ್ದು, ಗಾಳಿಯ ಆಮ್ಲಜನಕ ತಾಗಿದಂತೆ ಅದರ ಅಣುಗಳು ಒಂದಕ್ಕೊಂದು ಹೆಣೆದುಕೊಂಡು ಅಂಟಾದ ಪೊರೆಯಾಗುತ್ತವೆ. ಬಣ್ಣ ತಯಾರಿಸುವವರು ಈ ಎಣ್ಣೆಯನ್ನು ಬಳಸುವುದೂ ಈ ಗುಣಕ್ಕಾಗಿಯೇ. ಒಲೆಯ ಬಳಿ ಚೆಲ್ಲಿದ ಎಣ್ಣೆಯನ್ನು ಅಂದೇ ಒರೆಸಿದರೆ ಬಿಸಿನೀರು, ಮಾರ್ಜಕ ಸಾಕು. ತಿಂಗಳು ಬಿಟ್ಟರೆ ಅದು ಎಣ್ಣೆಯಲ್ಲ, ವಾರ್ನಿಷು. ಆಗ ಬಟ್ಟೆಸೋಡಾದ ಬಿಸಿ ದ್ರಾವಣವನ್ನು ಹಾಕಿ ಹತ್ತು ಹದಿನೈದು ನಿಮಿಷ ಬಿಡಬೇಕು. ಹಿಂದಿನವರು ಒಲೆಯ ಬೂದಿಯಿಂದ ಪಾತ್ರೆಯ ಜಿಡ್ಡನ್ನು ತೆಗೆಯುತ್ತಿದ್ದುದು ಬೂದಿಯಲ್ಲಿರುವ ಪೊಟಾಸಿಯಂ ಕಾರ್ಬೊನೇಟೆಂಬ ಕ್ಷಾರದ ಬಲದಿಂದ. ಆದರೆ ಟೈಲಿಗೆ ಬೂದಿಯನ್ನು ಒಣದಾಗಿ ಉಜ್ಜಕೂಡದು. ಅದರಲ್ಲಿಯ ಒರಟು ಕಣಗಳು ಗೀರುತ್ತವೆ.

ಅರಿಸಿನದ ಕಲೆಗೆ ಸಾಬೂನು ಹಚ್ಚಿದರೆ ಹಳದಿ ಹೋಗಿ ಕೆಂಪಾಗುವುದನ್ನು ನೀವು ಕಂಡಿರಬಹುದು. ಅರಿಸಿನದ ಕರ್ಕ್ಯುಮಿನ್ ಎಂಬ ಬಣ್ಣ ಕ್ಷಾರದಲ್ಲಿ ಕೆಂಪಾಗುತ್ತದೆ. ಅರಿಸಿನಕ್ಕೆ ಸುಣ್ಣ ಸೇರಿಸಿ ಕುಂಕುಮ ಮಾಡುವುದೂ ಇದೇ ಕ್ರಿಯೆ. ಕಲೆ ಹೆಚ್ಚಿತೆಂದು ಗಾಬರಿಯಾಗಬೇಕಾಗಿಲ್ಲ. ನೀರಿನಿಂದ ತೊಳೆದ ಮೇಲೆ ಬಿಸಿಲು ಬೀಳುವ ಜಾಗವಾದರೆ ಕೆಲವು ದಿನಗಳಲ್ಲಿ ಅದು ತಾನೇ ಮಾಸುತ್ತದೆ. ಬೆಳಕು ಆ ಅಣುವನ್ನು ಒಡೆಯುತ್ತದೆ.

ಜರ್ಮನಿಯ ರಸಾಯನಜ್ಞ ಹರ್ಬರ್ಟ್ ಸಿನ್ನರ್ 1959ರಲ್ಲಿ ತೊಳೆಯುವ ಕ್ರಿಯೆಯನ್ನೆಲ್ಲ ನಾಲ್ಕು ಅಂಶಗಳಾಗಿ ವಿಂಗಡಿಸಿದನು: ದ್ರವ್ಯ, ಉಜ್ಜುವಿಕೆ, ಉಷ್ಣತೆ, ಕಾಲ. ಒಂದು ಕಡಿಮೆಯಾದರೆ ಇನ್ನೊಂದನ್ನು ಹೆಚ್ಚಿಸಿ ಅದೇ ಫಲವನ್ನು ಪಡೆಯಬಹುದು. ಇವುಗಳಲ್ಲಿ ಹೆಚ್ಚಾದ ದ್ರವ್ಯ ಸಂದನ್ನು ಕೆಡಿಸುತ್ತದೆ, ಹೆಚ್ಚಾದ ಉಜ್ಜುವಿಕೆ ಮೆರುಗನ್ನು ಕೆಡಿಸುತ್ತದೆ. ಕಾಲವಾದರೋ ಯಾವುದನ್ನೂ ಕೆಡಿಸದು, ಬೆಲೆಯೂ ಇಲ್ಲ. ನಾವು ಜಿಪುಣತನ ತೋರಿಸುವುದು ಮಾತ್ರ ಅದರಲ್ಲಿಯೇ!

ಆಸಿಡ್ ಎಂಬ ಅಪಾಯ

ಬಿಳಿಯ ಮಸುಕು ಹೋಗದಿದ್ದಾಗ ಅನೇಕರ ಕೈ ನೀಳುವುದು ಆಸಿಡ್ ಬಾಟಲಿಯ ಕಡೆಗೆ. ಹೈಡ್ರೊಕ್ಲೋರಿಕ್ ಆಮ್ಲವನ್ನು ಸುರಿದೊಡನೆ ನೆಲ ನೊರೆಯುಕ್ಕುತ್ತದೆ. ಕೊಳೆ ಕಿತ್ತು ಬರುತ್ತಿದೆಯೆಂದು ನೋಡುವವರಿಗೆ ಸಂತೋಷ. ಆ ನೊರೆ ಇಂಗಾಲದ ಡೈಆಕ್ಸೈಡಿನದು. ಆಮ್ಲವು ಕ್ಯಾಲ್ಸಿಯಂ ಕಾರ್ಬೊನೇಟನ್ನು ಕರಗಿಸುವಾಗ ಆ ಅನಿಲ ಹೊರಡುತ್ತದೆ. ಮೇಲಿನ ಮಸುಕೂ ಸುಣ್ಣದ್ದೇ, ಸಂದಿನ ಸಿಮೆಂಟೂ ಸುಣ್ಣದ್ದೇ. ಯಾವುದು ಕೊಳೆ, ಯಾವುದು ನೆಲ ಎಂಬ ವಿವೇಚನೆ ಆಮ್ಲಕ್ಕಿಲ್ಲ. ಪ್ರತಿಸಲವೂ ಸಂದು ಸ್ವಲ್ಪ ಸ್ವಲ್ಪ ತಗ್ಗುತ್ತದೆ, ಒರಟಾಗುತ್ತದೆ. ಒರಟಾದಷ್ಟೂ ಕೊಳೆಯನ್ನು ಹೆಚ್ಚು ಹಿಡಿಯುತ್ತದೆ. ಕೊಳೆ ಹೆಚ್ಚಿದಷ್ಟೂ ಮತ್ತೆ ಆಸಿಡ್. ಪಕ್ಕದ ಪಡಸಾಲೆಯಲ್ಲಿ ಶಹಾಬಾದದ ಫರಸಿ ಇದ್ದರೆ ಹಾನಿ ಇನ್ನೂ ಹೆಚ್ಚು. ಆ ಕಲ್ಲು ಸುಣ್ಣಶಿಲೆಯೇ ಆದುದರಿಂದ ಅದರ ನಯವೆಲ್ಲ ಒಂದೇ ದಿನದಲ್ಲಿ ಹಾಳಾಗುತ್ತದೆ. ಒಡೆದ ಟೈಲಿನ ಚೂರು, ಫರಸಿಯ ಚೂರು, ಸಿಮೆಂಟಿನ ಚೂರು ಮೂರರ ಮೇಲೂ ಒಂದೊಂದು ಹನಿ ನಿಂಬೆಯ ರಸವನ್ನು ಬಿಟ್ಟು ನೋಡಿದರೆ ವಿದ್ಯಾರ್ಥಿಗಳಿಗೆ ಈ ವ್ಯತ್ಯಾಸ ಕಣ್ಣಾರೆ ಕಾಣುತ್ತದೆ.

ಸುಣ್ಣದ ಮಸುಕನ್ನು ತೆಗೆಯಲೇಬೇಕಾದರೆ ನಿಂಬೆಯ ರಸವನ್ನೋ ವಿನೆಗರನ್ನೋ ನೀರಿಗೆ ಬೆರೆಸಿ ಉಪಯೋಗಿಸಬಹುದು. ಮೊದಲು ಸಂದುಗಳಿಗೆಲ್ಲ ಬರಿಯ ನೀರನ್ನು ಕುಡಿಸಬೇಕು. ರಂಧ್ರಗಳು ನೀರಿನಿಂದ ತುಂಬಿದ್ದರೆ ಆಮ್ಲ ಆಳಕ್ಕೆ ಇಳಿಯದು. ಅನಂತರ ಟೈಲಿನ ಮುಖಕ್ಕೆ ಮಾತ್ರ ಬಟ್ಟೆಯಿಂದ ಹಚ್ಚಿ, ಒಂದೆರಡು ನಿಮಿಷಗಳಲ್ಲಿ ಧಾರಾಳವಾದ ನೀರಿನಿಂದ ತೊಳೆದುಬಿಡಬೇಕು. ಫರಸಿಗೆ ಇದನ್ನೂ ಹಚ್ಚಕೂಡದು.

ಈಗ ಎಲ್ಲಕ್ಕಿಂತ ಮುಖ್ಯವಾದ ಮಾತು. ಬಾವಿ, ತೊಟ್ಟಿಗಳ ನೀರಿಗೆ ಹಾಕುವುದಕ್ಕೆಂದು ಬ್ಲೀಚಿಂಗ್ ಪೌಡರು ಹಳ್ಳಿಗಳಲ್ಲಿ ಪರಿಚಿತವಾದ ವಸ್ತು. ಗ್ಲಾಸ್ಗೋ ನಗರದ ಚಾರ್ಲ್ಸ್ ಟೆನೆಂಟ್ 1799ರಲ್ಲಿ ಸುಣ್ಣಕ್ಕೆ ಕ್ಲೋರಿನ್ ಅನಿಲವನ್ನು ಹೀರಿಸಿ ಇದನ್ನು ತಯಾರಿಸಿದನು. ಕ್ಲೋರಿನನ್ನು ಪುಡಿಯಲ್ಲಿ ಕಟ್ಟಿಹಾಕಿದ ಉಪಾಯವದು. ಆ ಕಟ್ಟನ್ನು ಬಿಚ್ಚುವ ಕೀಲಿಕೈ ಆಮ್ಲ. ಒಂದರಿಂದ ಹೋಗದ ಕಲೆ ಎರಡರಿಂದ ಹೋದೀತೆಂದು ಬ್ಲೀಚಿಂಗ್ ಪೌಡರಿನ ಮೇಲೆ ಆಸಿಡ್ ಸುರಿದರೆ, ಬಂಧನದಲ್ಲಿದ್ದ ಕ್ಲೋರಿನ್ ಒಮ್ಮೆಲೆ ಬಿಡುಗಡೆ ಹೊಂದುತ್ತದೆ. 1915ರ ಏಪ್ರಿಲ್ 22ರಂದು ಬೆಲ್ಜಿಯಂ ದೇಶದ ಈಪ್ರ್ ಎಂಬಲ್ಲಿ ಜರ್ಮನ್ ಸೈನ್ಯ ಶತ್ರುಗಳ ಕಂದಕಗಳ ಮೇಲೆ ಬಿಟ್ಟದ್ದು ಇದೇ ಅನಿಲ. ಅಂದು ಅದು ಕಂದಕಗಳಿಗೆ ಇಳಿದದ್ದು ಗಾಳಿಗಿಂತ ಎರಡೂವರೆಪಟ್ಟು ಭಾರವಾಗಿದ್ದುದರಿಂದ. ಬಚ್ಚಲಿನಲ್ಲಿಯೂ ಅದು ನೆಲದ ಮಟ್ಟದಲ್ಲಿಯೇ ಶೇಖರವಾಗುತ್ತದೆ. ಬಾಗಿ ಕುಳಿತು ನೆಲ ಉಜ್ಜುವವರ ಮೂಗಿನ ಮಟ್ಟವೂ ಅದೇ. ಶೌಚಾಲಯವನ್ನು ತೊಳೆಯುವ ಅನೇಕ ದ್ರವಗಳಲ್ಲಿಯೂ ಹೈಡ್ರೊಕ್ಲೋರಿಕ್ ಆಮ್ಲವೇ ಇರುತ್ತದೆ. ಹೆಸರು ಬೇರೆ, ಬಾಟಲಿ ಬೇರೆ, ವಸ್ತು ಒಂದೇ. ಬ್ಲೀಚಿಂಗ್ ಪೌಡರಿಗೆ ಅಮೋನಿಯ ಸೇರಿದರೂ ವಿಷಾನಿಲ ಹುಟ್ಟುತ್ತದೆ. ಆದುದರಿಂದ ಎರಡು ದ್ರವ್ಯಗಳನ್ನು ಯಾವ ಕಾರಣಕ್ಕೂ ಬೆರೆಸಕೂಡದು. ಒಂದನ್ನು ಬಳಸಿದ ಮೇಲೆ ಪೂರ್ತಿ ತೊಳೆಯದೆ ಇನ್ನೊಂದನ್ನು ಹಾಕಕೂಡದು.

ಅಕಸ್ಮಾತ್ತಾಗಿ ಕಟುವಾದ ವಾಸನೆ ಬಂದು, ಕಣ್ಣು ಉರಿದು, ಕೆಮ್ಮು ಹತ್ತಿದರೆ ಕೆಲಸವನ್ನು ಅಲ್ಲಿಯೇ ಬಿಟ್ಟು ಬಯಲಿಗೆ ಬರಬೇಕು. ನೀರು ಹಾಕಿ ಸರಿಪಡಿಸುತ್ತೇನೆಂದು ಒಳಗೆ ನಿಲ್ಲಕೂಡದು. ಕಣ್ಣಿಗೆ ತಾಗಿದ್ದರೆ ಹದಿನೈದು ನಿಮಿಷ ಹರಿಯುವ ನೀರಿನಿಂದ ತೊಳೆಯಬೇಕು. ಉಸಿರಾಟದ ತೊಂದರೆ ಕೆಲವು ಗಂಟೆಗಳ ಮೇಲೆ ಉಲ್ಬಣಿಸುವ ಸಂಭವವುಂಟಾದುದರಿಂದ ವೈದ್ಯರಿಗೆ ತೋರಿಸುವುದನ್ನು ಮುಂದೂಡಕೂಡದು. 2013ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆಸಿಡ್ ದಾಳಿಗಳ ಕಾರಣದಿಂದ ಅದರ ಚಿಲ್ಲರೆ ಮಾರಾಟಕ್ಕೆ ನಿಬಂಧನೆಗಳನ್ನು ವಿಧಿಸಿತು. ಮನೆಯ ನೆಲದ ದೃಷ್ಟಿಯಿಂದಲೂ ಆ ಬಾಟಲಿ ಮನೆಯಲ್ಲಿ ಇಲ್ಲದಿರುವುದೇ ಲೇಸು.

ನೆಲದ ಕೆಳಗಿನ ನೆಲ

ಎರೆಸೀಮೆಯಲ್ಲಿ ಟೈಲ್ಸ್ ನೆಲಕ್ಕೆ ಇನ್ನೊಂದು ಕಂಟಕವುಂಟು. ಅದು ಮೇಲಿನಿಂದ ಬರುವುದಲ್ಲ, ಕೆಳಗಿನಿಂದ ಬರುವುದು. ಮನೆ ನಿಂತಿರುವುದೂ ಅದೇ ಉಬ್ಬುವ ಕುಗ್ಗುವ ಮಣ್ಣಿನ ಮೇಲೆ ತಾನೆ? ಮಳೆಗಾಲದಲ್ಲಿ ಉಬ್ಬಿದ ಭೂಮಿ ನೆಲವನ್ನು ಮೇಲಕ್ಕೆ ನೂಕುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಅಡಿಯಲ್ಲಿ ಪೊಳ್ಳು ಬಿಡುತ್ತದೆ. ಸಾರಣೆಯ ನೆಲ ಬಿರಿದರೆ ಮರುದಿನದ ಸಾರಣೆ ಅದನ್ನು ಮುಚ್ಚುತ್ತಿತ್ತು. ಟೈಲು ಬಾಗಲಾರದು, ಸೀಳುತ್ತದೆ ಅಥವಾ ಎದ್ದು ನಿಲ್ಲುತ್ತದೆ. ಈ ಮಣ್ಣಿನ ಮೇಲೆ ಕಟ್ಟುವ ಮನೆಗಳಿಗಾಗಿಯೇ ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆಯು ಬುಡದಲ್ಲಿ ಉಬ್ಬಿರುವ ಕಾಂಕ್ರೀಟು ಕಂಬಗಳ ಪದ್ಧತಿಯನ್ನು ರೂಢಿಗೆ ತಂದಿತು. ಸಾಧಾರಣ ಮನೆಗಳಲ್ಲಿ ಎರೆಮಣ್ಣನ್ನು ಆದಷ್ಟು ಆಳಕ್ಕೆ ಅಗೆದು ತೆಗೆದು, ಗರಸು ತುಂಬಿ ಧಮ್ಮಸ್ಸು ಮಾಡಿದ ಮೇಲೆ ನೆಲ ಹಾಕುವುದು ಕ್ಷೇಮ. ಗೋಡೆಯ ಅಂಚಿನಲ್ಲಿ ಟೈಲಿಗೆ ಕೆಲವು ಮಿಲಿಮೀಟರು ಎಡೆ ಬಿಟ್ಟು, ಮಣಿಯುವ ವಸ್ತುವನ್ನು ಅದರಲ್ಲಿ ತುಂಬಿಸಬೇಕು.

ತೊಳೆಯುವ ರೀತಿಗೂ ಇದಕ್ಕೂ ನಿಕಟವಾದ ಸಂಬಂ‌ಧವಿದೆ. ಆಸಿಡ್ ತಿಂದ ಸಂದುಗಳ ಮೂಲಕ ಬಕೀಟುಗಟ್ಟಲೆ ನೀರು ಕೆಳಗಿಳಿದರೆ, ಬಚ್ಚಲಿನ ಬಳಿಯ ಮಣ್ಣು ಮಾತ್ರ ಉಬ್ಬಿ, ಉಳಿದದ್ದು ಒಣಗಿಯೇ ಇರುತ್ತದೆ. ಹೀಗೆ ಅಸಮವಾಗಿ ಉಬ್ಬುವುದೇ ಹೆಚ್ಚು ಹಾನಿಕರ. ಆದುದರಿಂದ ಟೈಲ್ಸ್ ನೆಲಕ್ಕೆ ನೀರನ್ನು ಸುರಿಯುವುದಕ್ಕಿಂತ ಹಿಂಡಿದ ಬಟ್ಟೆಯಿಂದ ಒರೆಸುವುದೇ ಮೇಲು. ವರ್ಷಕ್ಕೊಮ್ಮೆ, ಬೇಸಿಗೆಯ ಕಡೆಯಲ್ಲಿ, ಒಂದು ನಾಣ್ಯದಿಂದ ಟೈಲುಗಳನ್ನು ಮೆಲ್ಲನೆ ತಟ್ಟುತ್ತ ಹೋಗಿರಿ. ಗಟ್ಟಿಯಾದ ಸದ್ದು ಬಂದರೆ ಸರಿ. ಬುರುಡೆಯ ಸದ್ದು ಬಂದರೆ ಅಡಿಯಲ್ಲಿ ಪೊಳ್ಳು ಬಿದ್ದಿದೆಯೆಂದು ತಿಳಿದು ಗುರುತು ಮಾಡಿಡಬೇಕು. ಸವೆದ ಸಂದುಗಳನ್ನು ಮಳೆಗಾಲಕ್ಕೆ ಮುಂಚೆಯೇ ಮತ್ತೆ ತುಂಬಿಸಿದರೆ ದೊಡ್ಡ ಖರ್ಚು ಉಳಿಯುತ್ತದೆ.

ದಿನದ ಕ್ರಮ

ಇಷ್ಟನ್ನೆಲ್ಲ ಒಟ್ಟುಗೂಡಿಸಿದರೆ ದೊರೆಯುವ ಕ್ರಮ ಬಹಳ ಸರಳವಾದುದು. ದಿನವೂ ಒಣಕಸವನ್ನು ಗುಡಿಸುವುದು. ಎರಡು ಬಕೀಟುಗಳ ಪದ್ಧತಿಯಲ್ಲಿ ಹಿಂಡಿದ ಬಟ್ಟೆಯಿಂದ ಒರೆಸುವುದು. ಸವಳು ನೀರಾದರೆ ಒಣಬಟ್ಟೆಯಿಂದ ಆರಿಸುವುದು. ವಾರಕ್ಕೊಮ್ಮೆ ಅಲ್ಪ ಮಾರ್ಜಕ, ಅದರ ಹಿಂದೆಯೇ ಬರಿಯ ನೀರು. ತಿಂಗಳಿಗೊಮ್ಮೆ ಸಂದುಗಳಿಗೆ ಸೋಡಾದ ಬಿಸಿ ದ್ರಾವಣ ಹಚ್ಚಿ, ಸ್ವಲ್ಪ ಹೊತ್ತು ಬಿಟ್ಟು, ನೈಲಾನಿನ ಮೆತ್ತನೆಯ ಬ್ರಷ್ಷಿನಿಂದ ತಿಕ್ಕಿ ತೊಳೆಯುವುದು. ತಂತಿಯ ಜುಂಗು ಟೈಲಿಗೆ ಬೇಡವೇ ಬೇಡ. ಫಿನೈಲನ್ನು ಕ್ರಿಮಿನಾಶಕವೆಂದು ಹಾಕುವವರು ಕೊಳೆಯನ್ನು ತೆಗೆದ ಮೇಲೆ ಹಾಕಲಿ, ಕೊಳೆಯ ಮೇಲೆ ಹಾಕಿದ ಕ್ರಿಮಿನಾಶಕದ ಬಲವನ್ನು ಕೊಳೆಯೇ ನುಂಗುತ್ತದೆ. ಘಮಘಮಿಸುವ ನೆಲವೆಲ್ಲ ಶುದ್ಧವಾದ ನೆಲವಲ್ಲ.

ಪ್ರಯೋಗಶಾಲೆಯಲ್ಲಿ ಆಮ್ಲ, ಕ್ಷಾರ, ಲವಣಗಳ ಪಾಠವನ್ನು ಕಲಿತ ವಿದ್ಯಾರ್ಥಿಗಳು ಆ ಪಾಠವನ್ನು ಪರೀಕ್ಷೆಯ ಕಾಗದದಲ್ಲಿಯೇ ಬಿಟ್ಟುಬರಬಾರದು. ನಿಮ್ಮ ಬಚ್ಚಲಿನ ಕಪಾಟಿನಲ್ಲಿರುವ ಬಾಟಲಿಗಳನ್ನು ಇಂದೇ ಒಮ್ಮೆ ತೆಗೆದು, ಅವುಗಳ ಮೇಲೆ ಬರೆದಿರುವುದನ್ನು ಓದಿರಿ. ಆಮ್ಲವಿರುವುದು ಯಾವುದು, ಕ್ಲೋರಿನ್ ಕೊಡುವುದು ಯಾವುದು ಎಂಬುದನ್ನು ಗುರುತಿಸಿ, ಅವೆರಡನ್ನು ಬೇರೆ ಬೇರೆ ಕಡೆಗಳಲ್ಲಿ, ಮಕ್ಕಳ ಕೈಗೆ ಎಟುಕದಂತೆ ಇರಿಸಿ, ಏಕೆ ಹಾಗೆ ಇರಿಸಿದಿರೆಂಬುದನ್ನು ನೆಲ ತೊಳೆಯುವವರಿಗೆ ತಿಳಿಯುವಂತೆ ಹೇಳಿರಿ.